ನಡುಗಡಲ ಬಿಳಿ ಹಕ್ಕಿ

ಕಡಲ ದಂಡೆಯ ಆಶ್ರಮವೊಂದರಲ್ಲಿ ತ್ರ್ಯಂಬಕನೆಂಬ ಶಿಷ್ಯ ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಮೌನ ಹಿಡಿದಿದ್ದ. ಮುಗಿದ ಮರುದಿನವೇ ದೀಕ್ಷೆ. ನಡುವೆ ಒಂದೇ ಒಂದು ಮಾತಾಡಿದರೂ ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಆ ದೀಕ್ಷೆಗಾಗಿ ಅವನು ವರ್ಷಗಟ್ಟಲೆ ಕಾದಿದ್ದ. ಚೇಳು ಕುಟುಕಿದಾಗಲೂ ತುಟಿ ಬಿಚ್ಚಿರಲಿಲ್ಲ.

ಕೊನೆಯ ದಿನ ಬೆಳಿಗ್ಗೆ ಮರಳಿನ ಮೇಲೆ ಬೆರಳಿನಿಂದ ಬರೆದ: ‘ನನ್ನ ಮೌನ ಹೇಗಿದೆ?’

ಗುರುಗಳು ಬಗ್ಗಿ ಓದಿದರು. “ಒಳಗೆ ಸಂತೆ ಜೋರಾಗಿದೆಯಪ್ಪ. ಆ ಗದ್ದಲಕ್ಕೆ ನನಗೇ ನಿದ್ದೆ ಬರ್ತಾ ಇಲ್ಲ.”

ತ್ರ್ಯಂಬಕನ ಮುಖ ಚಿಕ್ಕದಾಯಿತು.

“ಮುಖ ಆಮೇಲೆ ಊದಿಸಿಕೋ. ಈಗ ದೋಣಿ ಹತ್ತು.”

ಪ್ರತಿ ಬೇಸಿಗೆಯಲ್ಲೂ, ಮಳೆಗಾಲಕ್ಕೆ ದೋಣಿಗಳು ದಡ ಸೇರುವ ಮುನ್ನ, ಗುರುಗಳಿಗೆ ಇದೊಂದು ಹುಚ್ಚು. ನಡುಗಡಲಲ್ಲಿ ಒಂದು ಬಿಳಿ ಹಕ್ಕಿ ಇದೆಯಂತೆ. ಕೆಂಪು ಕೊಕ್ಕು, ಬಾಲದಲ್ಲಿ ಮೊಳದುದ್ದದ ಎರಡು ಗರಿ. ದಡದ ಕಡೆ ಸುಳಿಯುವುದೇ ಇಲ್ಲವಂತೆ. ಹುಡುಕಿ ಹುಡುಕಿ ಗುರುಗಳು ಮುದುಕರಾದರು, ಹಕ್ಕಿ ಮಾತ್ರ ಕಂಡಿರಲಿಲ್ಲ.

ದೋಣಿ ನಡೆಸುವ ಜಟ್ಟಪ್ಪ ತ್ರ್ಯಂಬಕನನ್ನು ಕೆಣಕಿದ. “ಎಂತ ಮಾರಾಯ, ಇವತ್ತೂ ಮಾತಿಲ್ವಾ? ಒಂದು ದೊಡ್ಡ ಅಲೆ ಬರ್ಲಿ, ‘ಅಯ್ಯೋ’ ಅಂತಿ, ನೋಡುವಾ.”

ಅಲೆ ಬಂತು. ತ್ರ್ಯಂಬಕ ನೆನೆದು ತೊಪ್ಪೆಯಾದ. ಅಯ್ಯೋ ಅನ್ನಲಿಲ್ಲ.

ದಡ ಮರೆಯಾಯಿತು. ಒಮ್ಮೆಲೇ ಮುಂದೆ ಮೀನಿನ ಹಿಂಡೆದ್ದು ನೀರು ಕುದಿಯತೊಡಗಿತು. ಕಪ್ಪು ನೆತ್ತಿಯ ಪುಟ್ಟ ಕಡಲಹಕ್ಕಿಗಳು ಎಲ್ಲಿಂದಲೋ ನುಗ್ಗಿ ಬಂದು, ಯಾರೋ ಕಲ್ಲೆಸೆದ ಹಾಗೆ ನೀರಿಗೆ ಬಿದ್ದವು, ಎದ್ದವು, ಮತ್ತೆ ಬಿದ್ದವು.

“ಅಬ್ಬಬ್ಬಾ!” ಗುರುಗಳು ಚಪ್ಪಾಳೆ ತಟ್ಟಿದರು. “ಜಟ್ಟಪ್ಪಾ, ಇನ್ನೂ ಹತ್ತಿರ ಹೋಗು!”

ತ್ರ್ಯಂಬಕನಿಗೂ ಕೂಗಬೇಕೆನಿಸಿತು. ಆದರೂ ಹಲ್ಲು ಕಚ್ಚಿ ಕೂತ. ಸಂಜೆಯವರೆಗೆ ತಡೆದರೆ ಸಾಕು.

ಸ್ವಲ್ಪ ಹೊತ್ತಿಗೆ ಗುರುಗಳು ದಣಿದು, ಅವನ ಕಡೆ ಮುಖ ಮಾಡಿ ಕೂತು ನೀರು ಕುಡಿಯತೊಡಗಿದರು. ಆಗ ಅವರ ಬೆನ್ನ ಹಿಂದೆ, ಆಕಾಶದಿಂದ ಬೆಳ್ಳಗೆ ಏನೋ ಇಳಿಯಿತು. ಕೆಂಪು ಕೊಕ್ಕು. ಗಾಳಿಯಲ್ಲಿ ತೇಲುವ ಎರಡು ಉದ್ದನೆಯ ಗರಿ.

ತ್ರ್ಯಂಬಕನ ಬಾಯಿ ತೆರೆಯಿತು.

“ಗುರುಗಳೇ! ಹಿಂದೆ! ಹಿಂದೆ ನೋಡಿ!”

ಗುರುಗಳು ತಿರುಗಿದರು. ತಂಬಿಗೆ ಕೈಜಾರಿ ಸಮುದ್ರಕ್ಕೆ ಬಿತ್ತು. “ಬಂತೋ! ಬಂತಲ್ಲೋ ನಮ್ಮಪ್ಪಾ!” ಎಂದು ಎದ್ದು ಕುಣಿದೇಬಿಟ್ಟರು.

“ಸ್ವಾಮಿ, ಕೂತ್ಕಣಿ! ದೋಣಿ ಮಗುಚ್ತದೆ!” ಎಂದು ಕಿರುಚಿದ ಜಟ್ಟಪ್ಪನೂ ನಗುತ್ತಿದ್ದ.

ಹಕ್ಕಿ ದೋಣಿಗೆ ಒಂದು ಸುತ್ತು ಹಾಕಿತು. ಪಡುವಣಕ್ಕೆ ಹೊರಳಿ ಚುಕ್ಕೆಯಾಯಿತು. ಆಮೇಲೆ ಅದೂ ಇಲ್ಲ.

ಆಗ ತ್ರ್ಯಂಬಕನಿಗೆ ನೆನಪಾಯಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

“ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯ್ತು,” ಎಂದ ಜಟ್ಟಪ್ಪ.

ತ್ರ್ಯಂಬಕ ಬಿಕ್ಕಿದ. “ನಿಮ್ಮ ಕೈ ಹಿಡಿದು ಎಳೆದಿದ್ದರೂ ಸಾಕಿತ್ತು ಗುರುಗಳೇ. ವ್ರತ ನೆನಪೇ ಆಗಲಿಲ್ಲ. ಮತ್ತೆ ಶುರು ಮಾಡಬೇಕು, ಅಲ್ಲವೇ?”

“ಹೌದು.” ಗುರುಗಳು ಒದ್ದೆ ಶಲ್ಯದಿಂದಲೇ ಅವನ ಕಣ್ಣೊರೆಸಿದರು.

“ಮೊದಲಿನಿಂದಲೇ?”

“ಕೂಗೋಕೆ ಮುಂಚೆ ಒಂದು ಕ್ಷಣ ನಿನ್ನ ಬಾಯಿ ತೆರೆದಿತ್ತು, ಮಾತು ಇನ್ನೂ ಬಂದಿರಲಿಲ್ಲ, ಒಳಗೆ ಸಂತೆಯೂ ಇರಲಿಲ್ಲ. ಅಲ್ಲಿಂದ ಶುರು ಮಾಡು.”