ಈರವ್ವನ ತೊಡೆಯೊಳಗಿನ ಕಂಬ

ಕೇಳಿ ಮಕ್ಕಳೇ, ಒಬ್ಬೊಬ್ಬರ ಮೈಯೂ ಒಂದೊಂದು ರಾಜ್ಯ. ಮುದುಕಿ ಈರವ್ವನ ಮೈಯೂ ಹಾಗೇ ಒಂದು ರಾಜ್ಯ. ಅಲ್ಲಿನ ಕಾವಲುಗಾರರ ಯಜಮಾನ ನುಂಗಪ್ಪ. ಧೂಳು ಬಂದರೆ ನುಂಗುತ್ತಿದ್ದ, ರೋಗದ ಹುಳ ಬಂದರೆ ನುಂಗುತ್ತಿದ್ದ. ನುಂಗಲಾಗದ್ದು ಬಂದರೆ ಅದರ ಸುತ್ತ ನಾರಿನ ಗೋಡೆ ಕಟ್ಟಿ ಬೇರೆ ಇಡುತ್ತಿದ್ದ. ಅದು ಆ ರಾಜ್ಯದ ಕಟ್ಟಳೆ. ಪಾಪ, ನಿದ್ದೆಯನ್ನೇ ಕಾಣದವನು.

ಒಂದು ಸಲ ಈರವ್ವ ಜಾರಿ ಬಿದ್ದಳು. ತೊಡೆಯ ಮೂಳೆ ಮುರಿಯಿತು. ವೈದ್ಯರು ಕೊಯ್ದು, ದೂರದೇಶದ ಲೋಹದ ಕಂಬವೊಂದನ್ನು ಮೂಳೆಯೊಳಗೆ ನಿಲ್ಲಿಸಿದರು. ಕಂಬ ಮೂಳೆಗೆ ಅಂಟಿದರೆ ಈರವ್ವ ನಡೆದಾಳು. ನಡುವೆ ಗೋಡೆ ಬಂದರೆ ಕಂಬ ಅಲ್ಲಾಡುತ್ತದೆ, ಈರವ್ವ ಹಾಸಿಗೆ ಹಿಡಿಯುತ್ತಾಳೆ.

ನುಂಗಪ್ಪ ಬಂದ. ಯಾವೂರು, ಯಾರ ಪೈಕಿ ಎಂದು ಕೇಳಿದ. ಕಂಬ ತನ್ನೂರಿನ ಹೆಸರು ಹೇಳಿತು. ಅಂಥ ಊರೇ ಇಲ್ಲ ಎಂದು ಕಚ್ಚಿದ. ಹಲ್ಲು ಮುರಿಯಿತು.

ಮತ್ತೆ ಬಂದ, ತಮ್ಮಂದಿರನ್ನೂ ಕರೆತಂದ. ಮತ್ತದೇ ಪ್ರಶ್ನೆ, ಮತ್ತದೇ ಉತ್ತರ. ಎಲ್ಲರೂ ಸೇರಿ ಒಂದೇ ಮೈಯಾಗಿ, ರಾಕ್ಷಸನಂತೆ ತಬ್ಬಿ, ಹುಳಿ ಉಗುಳಿದರು. ಕಂಬ ಕರಗಲಿಲ್ಲ.

ಮೂರನೆಯ ಸಲ ನಾರಿನ ಹೊರೆ ಹೊತ್ತು ಬಂದ. ಕಂಬಕ್ಕೂ ಸಾಕಾಗಿತ್ತು.

"ಅಣ್ಣಾ, ನಾನಾಗಿ ಬಂದವನಲ್ಲ. ತಂದು ನಿಲ್ಲಿಸಿದರು. ಭಾರ ಹೊರುತ್ತೇನೆ, ಹೊರಲು ಬಿಡು."

"ಬಂದವರೆಲ್ಲ ಹಾಗೇ ಹೇಳೋದು," ಎಂದ ನುಂಗಪ್ಪ.

ಮೂಳೆಗೆ ಗಾರೆ ಮೆತ್ತುವ ಚೌಡವ್ವ ಅಲ್ಲೇ ಇದ್ದಳು. ಪಾಯ ಇಲ್ಲದೆ ಗೋಡೆ ನಿಲ್ಲದು, ನಾನು ಪಾಯ ಹಾಕಿಕೊಡುತ್ತೇನೆ, ಅಷ್ಟರಲ್ಲಿ ನೀನು ಸ್ವಲ್ಪ ಕೂತುಕೋ ಎಂದಳು. ಎಷ್ಟೋ ಕಾಲದಿಂದ ಅವನಿಗೆ ಯಾರೂ ಕೂತುಕೋ ಎಂದಿರಲಿಲ್ಲ. ಕೂತ, ಕೂತಲ್ಲೇ ತೂಕಡಿಸಿದ. ಚೌಡವ್ವ ಕಂಬದ ಮೈಮೇಲಿನ ಕುಳಿಗಳಿಗೆಲ್ಲ ಮೂಳೆಯ ಸುಣ್ಣ ತುಂಬಿ, ಕಂಬವನ್ನೂ ಮೂಳೆಯನ್ನೂ ಬೆಸೆದಳು.

ಅವನು ಎದ್ದು ನೋಡಿದರೆ ಕಂಬವೇ ಕಾಣದು. ಇಲ್ಲಿ ನೆಕ್ಕಿದ, ಮೂಳೆಯ ರುಚಿ. ಅಲ್ಲಿ ನೆಕ್ಕಿದ, ಅದೇ ರುಚಿ. ಬಗ್ಗಿ ಕೆಳಗೂ ನೆಕ್ಕಿದ, ಅದೇ.

"ಆ ಪರದೇಶಿ ಎಲ್ಲಿ ಹೋದ, ಚೌಡವ್ವಾ?"

"ನುಂಗೋನು ನೀನು. ನನ್ನ ಕೇಳ್ತೀಯಲ್ಲೋ."

ಅಷ್ಟರಲ್ಲಿ ರಾಜ್ಯವೇ ಅಲುಗಿತು. ಈರವ್ವ ಎದ್ದು ನಿಂತಿದ್ದಳು. ಮೆಲ್ಲಗೆ ಹೆಜ್ಜೆ ಇಟ್ಟಳು. ಬಿಂದಿಗೆಯವರೆಗೆ ಹೋಗಿ, ತಾನೇ ನೀರು ಬಗ್ಗಿಸಿಕೊಂಡು ಕುಡಿದಳು. ಅಷ್ಟು ಭಾರವನ್ನು ಹೊರುತ್ತಿರುವವನು ಯಾರೆಂದು ನುಂಗಪ್ಪನಿಗೆ ಆಗ ತಿಳಿಯಿತು. ನಾರಿನ ಹೊರೆ ಕೆಳಗಿಟ್ಟ.

ಚಳಿ ಬಿದ್ದ ಬೆಳಗ್ಗೆ ಆ ಕಂಬ ಇವತ್ತಿಗೂ ಮೂಳೆಗಿಂತ ಮೊದಲೇ ತಣ್ಣಗಾಗುತ್ತದೆ. ತನ್ನೂರು ನೆನಪಾಗುತ್ತದೋ ಏನೋ. ನುಂಗಪ್ಪ ಈಗ ಏನೂ ಕೇಳುವುದಿಲ್ಲ. ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಾನೆ.

ಇದರ ನೀತಿ ಇಷ್ಟೇ ಮಕ್ಕಳೇ: ಬಂದವನ ಊರು ಕೇಳುವ ಮೊದಲು ಅವನು ಹೊತ್ತ ಭಾರ ನೋಡಬೇಕು.