ಚೆನ್ನಾಜಮ್ಮ ಕೆರೆಯಂಗಳ ಗೆದ್ದದ್ದು

ಬಹಳ ಹಿಂದೆ, ಎಷ್ಟು ಹಿಂದೆ ಎಂದು ಕೇಳಬೇಡಿ, ಬಿಳಿಕಲ್ಲಹಟ್ಟಿ ಎಂಬ ಊರಿನಲ್ಲಿ ಚೆನ್ನಾಜಮ್ಮ ಎಂಬ ಕುಂಬಾರ ಹೆಂಗಸು ಇದ್ದಳಂತೆ. ಅವಳಿಗೆ ಒಂದು ಪುಟ್ಟ ಕಾರಿತ್ತು. ಮೂರು ಕೈ ದಾಟಿ ಬಂದ ಅಗ್ಗದ ಕಾರು. ಹಿಂದಿನ ಸೀಟು ಕಿತ್ತು, ಹುಲ್ಲು ಹಾಸಿ, ಗಡಿಗೆ ತುಂಬಿಕೊಂಡು ಸಂತೆಗೆ ಹೋಗುತ್ತಿದ್ದಳು. ಅದಕ್ಕೆ ಮೂರೇ ಗೇರು ಬೀಳುತ್ತಿದ್ದವಂತೆ. ಎರಡೇ ಎನ್ನುವವರೂ ಇದ್ದಾರೆ. ಹೇಳುವವರ ವಯಸ್ಸು ಹೆಚ್ಚಿದಷ್ಟೂ ಗೇರು ಕಡಿಮೆಯಾಗುತ್ತವೆ.

ಬೇಸಿಗೆಯಲ್ಲಿ ಆ ಊರಿನ ಕೆರೆ ಬತ್ತುತ್ತಿತ್ತು. ಬತ್ತಿದ ಅಂಗಳದಲ್ಲಿ ಕುಂಬಾರರು ಜೇಡಿಮಣ್ಣು ಅಗೆಯುತ್ತಿದ್ದರು, ಉಳಿದವರು ವರ್ಷಕ್ಕೊಮ್ಮೆ ಕಾರು ಓಡಿಸುತ್ತಿದ್ದರು. ನಾಲ್ಕು ಕಂಬ, ಮೂರು ಸುತ್ತು. ಕಂಬಗಳ ಹೊರಗೆ ಎಲ್ಲಿ ಹೋದರೂ ಸರಿ. ಗೆದ್ದವರಿಗೆ ಸ್ಟೀಲ್ ಕೊಳಗ, ಸೋತವರಿಗೆ ಧೂಳು.

ಓಟದ ಕಮಿಟಿಗೆ ಅಕ್ಕಿ ಗಿರಣಿಯ ಪಂಚಾಕ್ಷರಪ್ಪ ಅಧ್ಯಕ್ಷ. ಐದು ವರ್ಷ ಅವನ ಜೀಪೇ ಗೆದ್ದಿತ್ತು. ಆರನೇ ವರ್ಷ ಅವನು, ಓಟ ಮುಗಿದ ಮೇಲೆ ಅಂಗಳಕ್ಕೆಲ್ಲ ಗರಸು ಸುರಿಸಿ, ರೋಲರ್ ಹೊಡೆಸಿ, ದಾರಿಯನ್ನು ಶಾಶ್ವತ ಮಾಡುವುದೆಂದು ತೀರ್ಮಾನಿಸಿದ. ಗರಸಿನಡಿ ಜೇಡಿ ಹೋದರೆ ಹನ್ನೊಂದು ಕುಂಬಾರ ಮನೆಗಳಲ್ಲಿ ಮಡಕೆ ತಿರುಗಿಸುವ ತಿಗರಿ ನಿಂತ ಹಾಗೆಯೇ. ಚೆನ್ನಾಜಮ್ಮ ಕಮಿಟಿಯ ಮುಂದೆ ಮೂರು ಸಲ ಹೋಗಿ ಹೇಳಿಕೊಂಡಳಂತೆ. ಮೂರು ಸಲವೂ ಕಾಫಿ ಕೊಟ್ಟು ಕಳಿಸಿದರಂತೆ.

ಓಟದ ದಿನ ಅವಳು ಗಡಿಗೆಗಳನ್ನು ಇಳಿಸಿ, ಕಾರು ತಂದು ಸಾಲಿನ ಕೊನೆಗೆ ನಿಲ್ಲಿಸಿದಳು.

“ಚೆನ್ನಾಜಕ್ಕ, ಇದು ಸಂತೆಗೆ ಹೋಗೋ ದಾರಿ ಅಲ್ಲ,” ಎಂದ ಪಂಚಾಕ್ಷರಪ್ಪ.

“ಗೊತ್ತು ಕಣಣ್ಣ. ಸಂತೆಗಾದ್ರೆ ಇಷ್ಟು ನಿಧಾನದವರ ಹಿಂದೆ ನಿಲ್ತಿರಲಿಲ್ಲ.”

ಜನ ನಕ್ಕರು. ಅವನೂ ನಗಬೇಕಾಯಿತು. ನಗುವಿನ ಭರದಲ್ಲಿ, “ಆಯ್ತು, ನೀನು ಗೆದ್ರೆ ಗರಸು ಹಾಕ್ಸಲ್ಲ ಬಿಡು,” ಎಂದುಬಿಟ್ಟ. ವೇದಿಕೆಯ ಮೇಲಿದ್ದ ಮುಖ್ಯ ಅತಿಥಿಗಳು ಇದೂ ಕಾರ್ಯಕ್ರಮದ ಭಾಗವೆಂದುಕೊಂಡು ಮೈಕಿನಲ್ಲಿ ಎರಡು ಸಲ ಘೋಷಿಸಿದರು. ಮೈಕಿನಲ್ಲಿ ಬಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಪದ್ಧತಿ ಆ ಊರಿನಲ್ಲಿ ಇರಲಿಲ್ಲ.

ಅತಿಥಿಗಳ ಬಿಳಿ ಪಂಚೆಗೆ ಧೂಳು ಹತ್ತಬಾರದೆಂದು ಕಮಿಟಿಯವರು ಬೆಳಿಗ್ಗೆಯೇ ನಾಲ್ಕು ಟ್ಯಾಂಕರ್ ನೀರು ಹೊಡೆಸಿದ್ದರು. ಅಂಗಳವೆಲ್ಲ ಒಂದೇ ಬಣ್ಣವಾಗಿತ್ತು. ಜೇಡಿ ಯಾವುದು, ಮರಳು ಯಾವುದು, ಕಣ್ಣಿಗೆ ತಿಳಿಯುತ್ತಿರಲಿಲ್ಲ. ಚೆನ್ನಾಜಮ್ಮನಿಗೆ ಕಣ್ಣು ಬೇಕಿರಲಿಲ್ಲ. ಮೂವತ್ತು ಬೇಸಿಗೆ ಅಲ್ಲಿಂದಲೇ ಜೇಡಿ ಹೊತ್ತವಳು, ಅದಕ್ಕೆ ಬೆರೆಸುವ ಮರಳನ್ನೂ ಹೊತ್ತವಳು. ನೀರು ಕುಡಿದ ಜೇಡಿ ಬೆಣ್ಣೆಯಾಗುತ್ತದೆ, ಮರಳು ಗಟ್ಟಿಯಾಗುತ್ತದೆ. ಕುಂಬಾರರ ಮನೆಯಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ.

ಬಾವುಟ ಬಿತ್ತು. ಎಲ್ಲರೂ ಕಂಬಕ್ಕೆ ಅಂಟಿಕೊಂಡು ಹತ್ತಿರದ ದಾರಿ ಹಿಡಿದರು. ಅವಳೊಬ್ಬಳೇ ದೂರದ ಅಂಚಿಗೆ ತಿರುಗಿದಳು. ಪಾಪ, ಸಂತೆಗೇ ಹೊರಟಳು ಎಂದು ಜನ ಮರುಗಿದರಂತೆ. ಅಷ್ಟರಲ್ಲಿ ಮೊದಲ ತಿರುವಿನ ಜೇಡಿಯಲ್ಲಿ ಜೀಪು ಬುಗುರಿಯಂತೆ ಎರಡು ಸುತ್ತು ಸುತ್ತಿತಂತೆ. ಏಳು ಸುತ್ತು ಎಂದೂ ಹೇಳುತ್ತಾರೆ. ಹಿಂದಿನವರು ಒಬ್ಬರಾದ ಮೇಲೊಬ್ಬರು ಅಲ್ಲಿಯೇ ಹೂತುಕೊಂಡರು.

ಸ್ಟಿಯರಿಂಗ್ ನಡುಗುತ್ತಿದ್ದರೆ ಕೆಳಗೆ ಮರಳು, ನಡುಕ ನಿಂತರೆ ಜೇಡಿ. ಆ ನಡುಕ ಬಿಡದಂತೆ ಅವಳು ಎರಡು ಸುತ್ತು ಹೋದಳು. ಮೂರನೆಯದರಲ್ಲಿ ಜೀಪು ಹೇಗೋ ಎದ್ದು ಅವಳ ಹಿಂದೆಯೇ ಬಂತು. ಕೊನೆಯ ಕಂಬದ ಹತ್ತಿರ ಅವಳ ಕೈಯಲ್ಲಿ ನಡುಕ ನಿಂತಿತು. ಅವಳು ಬ್ರೇಕೂ ತುಳಿಯಲಿಲ್ಲ, ಆಕ್ಸಿಲರೇಟರೂ ತುಳಿಯಲಿಲ್ಲ. ತಿಗರಿಯ ಮೇಲೆ ಮುದ್ದೆ ನಡುವಿಗೆ ಬರುವ ತನಕ ಕಾಯುವಂತೆ ಸುಮ್ಮನೆ ಕಾದಳು. ಕಾರು ಜಾರುತ್ತಾ ಹೋಗಿ ಮರಳು ಮುಟ್ಟಿತು. ಸ್ಟಿಯರಿಂಗ್ ಮತ್ತೆ ನಡುಗಿತು. ಆಗ ತುಳಿದಳು. ಪಂಚಾಕ್ಷರಪ್ಪ ಅದಕ್ಕೂ ಮೊದಲೇ, ಜೇಡಿಯ ಮೇಲೆಯೇ ಬ್ರೇಕ್ ತುಳಿದು ಹೂತುಕೊಂಡಿದ್ದ.

ಗರಸು ಬರಲಿಲ್ಲ. ಇವತ್ತಿಗೂ ಅಲ್ಲಿ ಓಟಕ್ಕೆ ಹೆಸರು ಕೊಡುವವರು ದುಡ್ಡು ಕಟ್ಟುವುದಿಲ್ಲ. ಅಂಗಳದಲ್ಲಿ ಒಂದು ಬುಟ್ಟಿ ಜೇಡಿ ಅಗೆದು, ತಲೆಯ ಮೇಲೆ ಹೊತ್ತು, ಕುಂಬಾರರ ಕೇರಿಗೆ ಮುಟ್ಟಿಸಿ ಬರುತ್ತಾರೆ. ಅದು ಚೆನ್ನಾಜಮ್ಮನ ಪಾಲು. ತಾವೇ ಹೊತ್ತವರಿಗೆ ನೆಲ ಎಲ್ಲಿ ಜಾರುತ್ತದೆಂದು ಕಾಲೇ ಹೇಳುತ್ತದೆ. ಆಳಿನ ತಲೆಗೆ ಹೊರಿಸಿದವರಿಗಾಗಿ ಜನ ಮೊದಲ ತಿರುವಿನಲ್ಲಿ ಕಾರು ಎಳೆಯುವ ಹಗ್ಗ ಹಿಡಿದು ಕಾಯುತ್ತಾರೆ.