ಬಿಸಿಲಸಾಲು ಬೀದಿಯ ಚಪ್ಪರ

ಮಾದಲಾಪುರದ ಪೇಟೆಯಲ್ಲಿ ಕೈಮಗ್ಗದ ಸದ್ದು ಇನ್ನೂ ಕೇಳುವ ಬೀದಿ ಒಂದೇ ಒಂದು. ಅದರ ಹೆಸರು ಬಿಸಿಲಸಾಲು ಬೀದಿ. ಬೇಸಿಗೆಯಲ್ಲಿ ಪೇಟೆಯಮ್ಮನ ಹಬ್ಬಕ್ಕೆ ಬಂದವರಿಗೆ ಈ ಹೆಸರು ತಮಾಷೆಯಾಗಿ ಕಾಣುತ್ತದೆ, ಏಕೆಂದರೆ ಆ ಏಳು ದಿನ ಅಲ್ಲಿರುವುದೆಲ್ಲ ನೆರಳೇ. ಈ ತುದಿಯ ಬೇವಿನ ಮರದಿಂದ ಆ ತುದಿಯ ಗುಡಿಯವರೆಗೆ ತೆಂಗಿನ ಗರಿಯ ಚಪ್ಪರ; ಅದರಡಿ ಪಾನಕದ ಕೊಳಗಗಳು, ಕರಬೂಜದ ಹೋಳು, ಚಾಪೆ ಹಾಸಿಕೊಂಡು ಚೌಕಾಬಾರ ಆಡುವ ಹೆಂಗಸರು. ಹಬ್ಬವೆಂದ ಮೇಲೆ ಕಿರಿಕಿರಿಗೇನು ಕಡಿಮೆ! ತಮಟೆಯ ಬಡಿತಕ್ಕೆ ಮಧ್ಯಾಹ್ನದ ನಿದ್ದೆ ಹಾರಿಹೋಗುತ್ತದೆ, ಬಂದ ನೆಂಟರು ಹೋಗುವ ಮಾತೆತ್ತುವುದಿಲ್ಲ, ಹಬ್ಬ ಸಾರಿದ ಮೇಲೆ ಯಾವ ಮನೆಯಲ್ಲೂ ಒಗ್ಗರಣೆ ಸಿಡಿಸುವಂತಿಲ್ಲವಾದ್ದರಿಂದ ಸಪ್ಪೆ ಸಾರನ್ನೇ ಉಣ್ಣಬೇಕು. ಇಷ್ಟೆಲ್ಲದರ ನಡುವೆ ಕತ್ತೆತ್ತಿ ನೋಡಿದವರಿಗೆ ಒಂದು ವಿಚಿತ್ರ ಕಾಣುತ್ತದೆ. ಚಪ್ಪರದ ನಟ್ಟನಡುವೆ, ಎರಡು ಮೊಳ ಅಗಲಕ್ಕೆ, ಬೀದಿಯ ಉದ್ದಕ್ಕೂ ಗರಿಯೇ ಹೊದಿಸಿಲ್ಲ. ಸುಡುವ ಬಿಸಿಲು ಅಲ್ಲಿಂದ ಸೀದಾ ಕೆಳಗಿಳಿದು ನೆಲದ ಮೇಲೆ ಸಾಲಾಗಿ ಬಿದ್ದಿರುತ್ತದೆ.

ಹಿಂದೆ ಒಮ್ಮೆ, ಈ ಬೀದಿಗೆ ಬರೀ ನೇಕಾರರ ಬೀದಿ ಎಂಬ ಹೆಸರಿದ್ದ ಕಾಲದಲ್ಲಿ, ಇಲ್ಲಿ ಗಿರಿಯಮ್ಮ ಎಂಬ ಹೆಣ್ಣುಮಗಳಿದ್ದಳು. ಹಬ್ಬದ ಕಡೆಯ ದಿನ ಅಮ್ಮನಿಗೆ ಉಡಿಸುವ ಹೊಸ ಸೀರೆ ನೇಯುವುದು ತಲೆತಲಾಂತರದಿಂದ ಅವಳ ಗಂಡನ ಮನೆಯ ಪಾಲಿನ ಕೆಲಸ. ಆ ವರ್ಷ ಗಂಡ ವೀರಣ್ಣ ಜ್ವರ ಹಿಡಿದು ಮಲಗಿಬಿಟ್ಟ. ಈ ಸಲ ಬೇರೆ ಮನೆಗೆ ಬಿಟ್ಟುಕೊಡಿ ಎಂದು ನಾಲ್ಕು ಜನ ಹೇಳಿಯೂ ಹೇಳಿದರು. ಗಿರಿಯಮ್ಮ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಮಲಗಿದವನಿಗೆ ಗಂಜಿ ಕುಡಿಸುತ್ತಾ, ತಾನೇ ಅರಿಶಿನದ ನೂಲು ಸುತ್ತಿ, ಸೀರೆಯ ಉದ್ದೆಳೆಗಳನ್ನೆಲ್ಲ ಕೂಡಿಸಿ ಹಾಸು ಸಿದ್ಧಮಾಡಿದಳು. ಹಾಸಿನ ಎಳೆಗಳಿಗೆ ಗಂಜಿ ಹಾಕಿದ ದಿನವೇ ಅದನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಬಾಚಿ, ಬಿಸಿಲಲ್ಲಿ ಒಣಗಿಸಬೇಕು. ತಡವಾದರೆ ಗಂಜಿ ಹುಳಿತು ಎಳೆಗೆ ಎಳೆ ಅಂಟಿಕೊಳ್ಳುತ್ತದೆ, ಮಗ್ಗಕ್ಕೆ ಏರಿಸಿದರೆ ಪಟಪಟನೆ ಹರಿಯುತ್ತದೆ. ಚಪ್ಪರ ಹಾಕಲು ಇನ್ನೂ ಒಂದು ದಿನವಿದೆಯಲ್ಲ ಎಂಬ ಧೈರ್ಯದಲ್ಲಿ ಅವಳು ಆ ದಿನ ಮುಂಜಾನೆ ಹಿತ್ತಲಲ್ಲಿ ಕೂತು ಹಾಸನ್ನು ಗಂಜಿಯಲ್ಲಿ ಅದ್ದಿದಳು.

ಬುಟ್ಟಿ ಹೊತ್ತು ಹೊರಗೆ ಬಂದರೆ ಆಕಾಶವೇ ಇಲ್ಲ! ಆ ವರ್ಷದ ಬಿಸಿಲು ತಡೆಯಲಾರದೆ ಬೀದಿಯ ಹುಡುಗರು ಒಂದು ದಿನ ಮುಂಚೆಯೇ ಹುಮ್ಮಸ್ಸಿನಲ್ಲಿ ಚಪ್ಪರ ಹೊದಿಸಿಬಿಟ್ಟಿದ್ದರು. ತಂತಮ್ಮ ಹಾಸುಗಳನ್ನೆಲ್ಲ ವಾರದ ಕೆಳಗೇ ಒಳಗೆ ತೆಗೆದುಕೊಂಡಿದ್ದವರಿಗೆ ಇನ್ನೊಂದು ಮನೆಯಲ್ಲಿ ಇನ್ನೂ ಒಣಗಿಸದ ಹಾಸು ಇದೆಯೆಂಬ ನೆನಪೇ ಬರಲಿಲ್ಲ. ಹುಟ್ಟಿದಾಗಿನಿಂದ ನೂಲಿನಲ್ಲೇ ಬೆಳೆದವರು ಒಂದಿಷ್ಟು ನೆರಳಿನ ಆಸೆಗೆ ಹೀಗೆ ಮೈಮರೆಯುವುದೆಂದರೆ ಏನು ಹೇಳೋಣ. ಮೊದಲ ಕಂಬಕ್ಕೆ ಅರಿಶಿನದ ಬಟ್ಟೆ ಕಟ್ಟಿ, ತಮಟೆ ಬಡಿದು, ಹಬ್ಬ ಸಾರಿಯೂ ಆಗಿತ್ತು. ಹಿತ್ತಲಿಗೆ ಕೇಳಿದ ಆ ಬಡಿತವನ್ನು ಅವಳು ಹುಡುಗರ ಅಭ್ಯಾಸವೆಂದುಕೊಂಡಿದ್ದಳು. ಸಾರಿದ ಮೇಲೆ ಚಪ್ಪರದ ಒಂದು ಗರಿಯನ್ನೂ ಅಲುಗಿಸಬಾರದು. ಅಲುಗಿಸಿದರೆ ಅಮ್ಮ ಮುನಿದು ಬೀದಿಗೆ ಸಿಡುಬು ತರುತ್ತಾಳೆಂದು ಎಲ್ಲರಿಗೂ ಭಯ. ಅಮ್ಮನ ನೂಲು ಬೀದಿಯ ಗಡಿ ದಾಟಬಾರದೆಂಬ ಕಟ್ಟೂ ಇದ್ದುದರಿಂದ ಹಾಸನ್ನು ಕೆರೆ ಏರಿಗೆ ಒಯ್ಯುವಂತೆಯೂ ಇರಲಿಲ್ಲ.

ಬೀದಿಯ ಯಜಮಾನ ದೊಡ್ಡೀರಪ್ಪ, ವೀರಣ್ಣನ ಸ್ವಂತ ಅಣ್ಣ. ಅವನೆದುರು ಗಿರಿಯಮ್ಮ ಅದುವರೆಗೆ ದನಿಯೆತ್ತಿ ಮಾತಾಡಿದವಳಲ್ಲ. ಅಂದು ಸೆರಗನ್ನು ತಲೆಯ ಮೇಲೆಳೆದುಕೊಂಡು, ಬುಟ್ಟಿಯನ್ನು ಅವನ ಜಗಲಿಯ ಮುಂದೆ ಇಟ್ಟಳು.

“ಭಾವ, ಒಂದು ಸಾಲು ಗರಿ ತೆಗೆಸಿ. ಸಂಜೆವರೆಗೆ ಬಿಸಿಲು ಸಿಕ್ಕಿದರೆ ಸಾಕು.”

“ಆಗೋದಿಲ್ಲಮ್ಮ. ನಾಳೆ ಒಂದು ಮಗುವಿನ ಮೈಮೇಲೆ ಗುಳ್ಳೆ ಎದ್ದರೆ ಆ ತಾಯಿಗೆ ನಾನೇನು ಹೇಳಲಿ?”

“ಕಡೇ ದಿನ ಅಮ್ಮ ಹಳೇ ಸೀರೆಯಲ್ಲಿ ನಿಂತರೆ ಅವಳಿಗೇನು ಹೇಳ್ತೀರಿ? ಅವಳನ್ನೇ ಕೇಳಿ ನೋಡಿ.”

ಅದು ನ್ಯಾಯವೆಂದು ಎಲ್ಲರಿಗೂ ತೋರಿತು. ಗುಡಿಯಲ್ಲಿ ಪೂಜಾರಿ ಅಮ್ಮನ ಮೂರ್ತಿಯ ಎರಡು ಭುಜಗಳ ಮೇಲೂ ಹೂವಿಟ್ಟ. ಬಲಗಡೆಯ ಹೂ ಉದುರಿದರೆ ಅಪ್ಪಣೆ, ಎಡಗಡೆಯದು ಉದುರಿದರೆ ಬೇಡವೆಂದರ್ಥ. ಬೀದಿಗೆ ಬೀದಿಯೇ ಕೈಮುಗಿದು ನಿಂತಿತು. ಬಲಗಡೆಯ ಹೂ ಬೀಳಲಿಲ್ಲ, ಎಡಗಡೆಯದೂ ಬೀಳಲಿಲ್ಲ. ಚಪ್ಪರದಡಿ ಗಾಳಿಯೂ ಇಲ್ಲದೆ ಜನ ಬೆವರಿ ತೊಪ್ಪೆಯಾದರು. ಹೊತ್ತು ನೆತ್ತಿಗೇರುತ್ತಿತ್ತು. ಗಿರಿಯಮ್ಮ ಬುಟ್ಟಿಯೊಳಗೆ ಕೈಯಾಡಿಸಿ ಎಳೆಗಳನ್ನು ಮೇಲೆ ಕೆಳಗೆ ಮಾಡುತ್ತಲೇ ಇದ್ದಳು. ಹುಳಿ ವಾಸನೆ ಆಗಲೇ ಸಣ್ಣಗೆ ಮೂಗಿಗೆ ಹತ್ತಿತ್ತು. ತನ್ನ ಹಟದಿಂದಲೇ ಮನೆತನದ ಮಾನ ಹೋಯಿತೆಂದು ಅವಳು ತನ್ನನ್ನೇ ಬೈದುಕೊಂಡಳು.

ದೊಡ್ಡೀರಪ್ಪ ಅವಳ ಪಕ್ಕ ಬಂದು ಕುಕ್ಕರುಗಾಲಲ್ಲಿ ಕೂತು ಬುಟ್ಟಿಗೆ ಕೈ ಹಾಕಿದ. ನಾಲ್ಕು ಎಳೆ ಬೆರಳಲ್ಲಿ ಹಿಡಿದು ಮೂಸಿ ನೋಡಿದ. ಯಜಮಾನನಾದರೇನು, ಅವನೂ ನೇಕಾರನೇ, ಮುಖ ಸಪ್ಪಗಾಯಿತು. ಎದ್ದು ಗುಡಿಯ ಕಡೆ ತಿರುಗಿ, “ಬೇಡ ಅನ್ನೋ ಹಾಗಿದ್ದರೆ ಅಮ್ಮ ಇಷ್ಟು ಹೊತ್ತಿಗೆ ಎಡಕ್ಕೆ ಹೂ ಕೊಡುತ್ತಿದ್ದಳು. ಸುಮ್ಮನಿದ್ದಾಳೆ ಅಂದರೆ ನಮ್ಮ ಬುದ್ಧಿಗೇ ಬಿಟ್ಟಿದ್ದಾಳೆ. ಏಣಿ ತನ್ನಿ,” ಎಂದನಂತೆ. ಯಾರೂ ಮುಂದೆ ಬರಲಿಲ್ಲ. ಕೊನೆಗೆ ಅವನೇ ಏಣಿ ತಂದು, ಮುನಿಸೇನಿದ್ದರೂ ತನ್ನೊಬ್ಬನ ಮೇಲಿರಲೆಂದು ಬೇಡಿಕೊಂಡು, ಮೊದಲ ಗರಿ ಕಿತ್ತ ಎನ್ನುತ್ತಾರೆ.

ಆಮೇಲೆ ಹುಡುಗರು ಕಂಬ ಹತ್ತಿದರು. ಬಿಸಿಲು ಸಾಲಾಗಿ ಕೆಳಗಿಳಿಯಿತು. ಹಬ್ಬದ ಸೀರೆ ಉಟ್ಟವರು, ಹೊಸ ಪಂಚೆ ಉಟ್ಟವರು ಎನ್ನದೆ ಎಲ್ಲರೂ ಹಾಸಿನ ಎರಡು ಬದಿಗೆ ನಿಂತು, ಮೈಯೆಲ್ಲ ಗಂಜಿ ಮೆತ್ತಿಕೊಂಡು, ಅಂಟಿದ ಎಳೆಗಳನ್ನು ಬಿಡಿಸಿ ಬಾಚಿದರು. ಸಂಜೆಯ ಹೊತ್ತಿಗೆ ಗಿರಿಯಮ್ಮ ಒಂದು ಎಳೆಯನ್ನು ಬೆರಳಿನಿಂದ ಮೀಟಿದಳು. ಗರಿಗರಿಯಾಗಿ ಒಣಗಿತ್ತು. ಅಲ್ಲೇ ಜಗಲಿಯ ಮೇಲೆ ಕುಸಿದು ಕೂತು, ಅತ್ತು, ನಕ್ಕು, ಯಾರೋ ಕೊಟ್ಟ ಒಂದು ಚೆಂಬು ಪಾನಕವನ್ನು ಗಟಗಟನೆ ಕುಡಿದಳು. ಕಡೆಯ ದಿನ ಅಮ್ಮ ಹೊಸ ಸೀರೆಯಲ್ಲೇ ನಿಂತಳು. ಬೀದಿಯ ಒಂದು ಮಗುವಿಗೂ ಗುಳ್ಳೆ ಏಳಲಿಲ್ಲ. ವೀರಣ್ಣನ ಜ್ವರವೂ ಬಿಟ್ಟು, ಅವನು ಬಾಗಿಲಿಗೆ ಬಂದು ನಿಂತು ಕೈಮುಗಿದ. ದೊಡ್ಡೀರಪ್ಪನಂತೂ ಏಳು ದಿನ ಹಿಡಿದಿಟ್ಟ ಉಸಿರನ್ನು ಆವತ್ತು ಬಿಟ್ಟ.

ಆ ಸಾಲನ್ನು ಇಂದಿಗೂ ಮುಚ್ಚಿಲ್ಲ. ಅಮ್ಮನ ಸೀರೆಯ ನೂಲು ಈಗ ಗಂಜಿ ಹಾಕಿ ಒಣಗಿಸಿಯೇ ಅಂಗಡಿಯಿಂದ ಬರುತ್ತದೆ. ಬೀದಿಯಲ್ಲಿ ಹಾಸು ಎಳೆಯುವವರು ಯಾರೂ ಉಳಿದಿಲ್ಲ. ಆದರೂ ಹಬ್ಬದಲ್ಲಿ ಮಕ್ಕಳು ಆ ಕಾದ ನೆಲವನ್ನು ಕುಪ್ಪಳಿಸಿ ದಾಟುತ್ತಾರೆ, ಪಾನಕ ಹಂಚುವವರು ಅಂಗಾಲು ಸುಟ್ಟುಕೊಂಡು ಗೊಣಗುತ್ತಾರೆ, ಮುದುಕಿಯರು ಬಿಸಿಲು ಸರಿದಂತೆಲ್ಲ ಬೈದುಕೊಳ್ಳುತ್ತಾ ಚಾಪೆ ಎಳೆಯುತ್ತಾರೆ. ಇಷ್ಟು ತೊಂದರೆಯಾದರೆ ನಾಲ್ಕು ಗರಿ ಹಾಕಿ ಮುಚ್ಚಬಾರದೇ ಎಂದು ಹೊಸಬರು ಯಾರಾದರೂ ಕೇಳಿದರೆ, ಆ ಮುದುಕಿಯರೇ ಅವರನ್ನು ಮೇಲಿನಿಂದ ಕೆಳಗೆ ನೋಡಿ, “ಮುಚ್ಚಿದರೆ ಗಿರಿಯಮ್ಮ ಎಲ್ಲಿ ಒಣಗಿಸಬೇಕು?” ಎನ್ನುತ್ತಾರೆ.